ಸೇವೆಯಲ್ಲಿ ಏಳುವ ಸಿಟ್ಟು: ವಾಕ್ಯ ಹಿಡಿದು ನಾನು ನಡೆಸಿಕೊಂಡು ಬಂದಿರುವ ಕ್ರಮ

ಚರ್ಚಿನ ಸುಗ್ಗಿ ಹಬ್ಬದ ದಿನ ಬೆಳಗ್ಗೆ ಐದಕ್ಕೆ ಬಂದು ಒಲೆ ಹಚ್ಚಿದವರು ಮಧ್ಯಾಹ್ನ ಪಾತ್ರೆ ತೊಳೆಯುವ ಹೊತ್ತಿಗೆ ಒಬ್ಬರ ಮುಖ ಒಬ್ಬರು ನೋಡದ ಹಾಗೆ ಆಗಿರುತ್ತಾರೆ. ಸಂಡೇ ಸ್ಕೂಲಿನಲ್ಲಿ, ಆಸ್ಪತ್ರೆ ಭೇಟಿಯ ತಂಡದಲ್ಲಿ, ಗಾಯನ ತಂಡದಲ್ಲೂ ಇದೇ ಕಥೆ. ಸಭೆಯಲ್ಲಿ, ಅಂದರೆ ಚರ್ಚಿನ ಬಳಗದಲ್ಲಿ, ಹೆಚ್ಚು ದುಡಿಯುವವರಿಗೇ ಹೆಚ್ಚು ಸಿಟ್ಟು. ಇದನ್ನು ಅವರ ಭಕ್ತಿಯ ಕೊರತೆ ಅಂತ ಬೈದು ಮುಗಿಸುವುದು ನನಗೆ ಒಪ್ಪಿಗೆಯಿಲ್ಲ. ಸತ್ಯವೇದದಲ್ಲಿ (ಬೈಬಲಿನಲ್ಲಿ) ಈ ಸಿಟ್ಟಿಗೆ ಒಂದು ಕೆಲಸದ ಕ್ರಮವೇ ಇದೆ. ನಾನು ಪಾಲಿಸುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಸಿಟ್ಟನ್ನು ಬೇಗ ಗುರುತಿಸಬೇಕು. ಲೂಕ 10:40ರಲ್ಲಿ (ಲೂಕನ ಸುವಾರ್ತೆ, 10ನೇ ಅಧ್ಯಾಯ, 40ನೇ ವಚನ) ಮನೆಗೆ ಬಂದ ಯೇಸುವಿನ ಉಪಚಾರದಲ್ಲಿದ್ದ ಮಾರ್ಥಳು ಅವನಿಗೆ ಆಡಿದ ಒಂದೇ ಮಾತಿನಲ್ಲಿ ಅದರ ಮೂರು ಲಕ್ಷಣಗಳಿವೆ. ಕೆಲಸವೆಲ್ಲ ನನ್ನೊಬ್ಬಳ ಮೇಲೇ ಬಿತ್ತು ಅನ್ನುವುದು, ನಿನಗೆ ಇದರ ಚಿಂತೆಯೇ ಇಲ್ಲವಾ ಅನ್ನುವುದು, ತಂಗಿಗೆ ಹೇಳಬೇಕಾದ್ದನ್ನು ತಂಗಿಗೆ ಹೇಳದೆ ಮೂರನೆಯವರ ಬಾಯಿಂದ ಹೇಳಿಸಲು ನೋಡುವುದು. ಲೂಕ 15ರಲ್ಲಿ ಯೇಸು ಹೇಳಿದ ಕಥೆಯ ಹಿರಿಯ ಮಗನೂ, ಮನೆಬಿಟ್ಟು ಹೋಗಿ ಮರಳಿದ ತಮ್ಮನಿಗೆ ಅಪ್ಪ ಔತಣ ಮಾಡಿಸಿದಾಗ, ಹೀಗೇ: ಇಷ್ಟು ವರ್ಷ ದುಡಿದೆ, ನನಗೊಂದು ಆಡಿನ ಮರಿಯನ್ನೂ ಕೊಡಲಿಲ್ಲ ಅಂತ ಲೆಕ್ಕ ಒಪ್ಪಿಸಿ, ಮನೆಯೊಳಗೆ ಕಾಲಿಡದೆ ಹೊರಗೇ ನಿಲ್ಲುತ್ತಾನೆ. ನನ್ನ ಬಾಯಲ್ಲಿ ಈ ಮೂರರಲ್ಲಿ ಯಾವುದೇ ಒಂದು ಬಂದರೂ ನಾನು ಮುಂದಿನ ಹೆಜ್ಜೆಗೆ ಹೋಗುತ್ತೇನೆ. ಧ್ವನಿ ಏರುವವರೆಗೆ ಕಾಯುವುದಿಲ್ಲ, ಯಾಕೆಂದರೆ ಧ್ವನಿ ಏರಿದ ಮೇಲೆ ಯಾವ ವಾಕ್ಯವೂ ನೆನಪಿಗೆ ಬರುವುದಿಲ್ಲ.

ಮುಂದಿನ ಹೆಜ್ಜೆ ಊಟ. ಬಹಳ ಜನ ಇದನ್ನು ಬಿಟ್ಟು ನೇರವಾಗಿ ಪ್ರಾರ್ಥನೆಗೆ ಕೂರುತ್ತಾರೆ. 1 ಅರಸುಗಳು 19ರಲ್ಲಿ ಪ್ರವಾದಿ ಎಲೀಯನು ಜಾಲೀಗಿಡದ ಕೆಳಗೆ ಬಿದ್ದುಕೊಂಡು ಸಾಕು ಸಾಕು ಅಂದಾಗ ದೇವದೂತನು ಅವನಿಗೆ ಉಪದೇಶ ಮಾಡಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ ಕೊಟ್ಟ, ನೀರು ಕೊಟ್ಟ, ಮಲಗಲು ಬಿಟ್ಟ, ಮತ್ತೆ ಎಬ್ಬಿಸಿ ತಿನ್ನಿಸಿದ. ‘ನೀನು ಇಲ್ಲೇನು ಮಾಡುತ್ತೀ’ ಎಂಬ ಪ್ರಶ್ನೆ ಬಂದದ್ದು ದೇವರ ಬೆಟ್ಟವಾದ ಹೋರೇಬಿಗೆ ತಲುಪಿದ ಮೇಲೆ. ಅಲ್ಲಿ ಎಲೀಯನು ‘ನಾನೊಬ್ಬನೇ ಉಳಿದಿದ್ದೇನೆ’ ಅನ್ನುತ್ತಾನೆ, ಅದಕ್ಕೆ ದೇವರು ತನಗೆ ನಿಷ್ಠರಾದ ಏಳು ಸಾವಿರ ಜನ ಇದ್ದಾರೆ ಅಂತ ಲೆಕ್ಕ ತಿದ್ದುತ್ತಾನೆ. ಆದ್ದರಿಂದ ಅಡುಗೆಗೆ ಬಂದವರಿಗೆ ಎಂಟು ಗಂಟೆಯೊಳಗೆ ಉಪ್ಪಿಟ್ಟು, ಟೀ ಆಗಲೇಬೇಕು, ಅದೂ ಕೂತು ತಿನ್ನಬೇಕು; ಸೌಟು ಕೈಯಲ್ಲಿ ಹಿಡಿದು ನಿಂತೇ ನುಂಗುವುದು ಲೆಕ್ಕಕ್ಕಿಲ್ಲ. ಹಸಿದಾಗ, ರಾತ್ರಿ ನಿದ್ದೆ ಕೆಟ್ಟಾಗ ಯಾರ ಜೊತೆಗೂ ಗಂಭೀರ ಮಾತು ತೆಗೆಯುವುದಿಲ್ಲ ಎಂಬ ನಿಯಮ ನಾನು ಇಟ್ಟುಕೊಂಡಿದ್ದೇನೆ. ಅರ್ಧ ಸಿಟ್ಟು ಇಲ್ಲೇ ಇಳಿಯುತ್ತದೆ.

ಉಳಿದ ಅರ್ಧಕ್ಕೆ ನೋಟ್ ಪುಸ್ತಕ ಬೇಕು. ಯೋನ 4:4ರಲ್ಲಿ ಸಿಟ್ಟಾದ ಪ್ರವಾದಿ ಯೋನನಿಗೆ ದೇವರು ಕೇಳಿದ ಪ್ರಶ್ನೆಯನ್ನು ಪುಟದ ತಲೆಯಲ್ಲಿ ಬರೆಯುತ್ತೇನೆ: ನೀನು ಸಿಟ್ಟುಗೊಳ್ಳುವುದು ಸರಿಯೋ? ಕೆಳಗೆ ಒಂದೇ ವಾಕ್ಯದಲ್ಲಿ ನಡೆದದ್ದು. ಕಣ್ಣಿಗೆ ಕಂಡದ್ದು, ಕಿವಿಗೆ ಬಿದ್ದದ್ದು ಮಾತ್ರ. ‘ಬೇಕೂಂತ ಮಾಡಿದರು’ ಎಂಬುದು ಕಂಡದ್ದಲ್ಲ, ನಾನು ಊಹಿಸಿದ್ದು, ಅದನ್ನು ಹೊಡೆದುಹಾಕುತ್ತೇನೆ. ಆಮೇಲೆ ಇನ್ನೊಂದು ಸಾಲು: ಇದರಿಂದ ನೋವಾದದ್ದು ಯಾರಿಗೆ? ಮಾರ್ಕ 3:5ರಲ್ಲಿ ಯೇಸು ಸಿಟ್ಟಿನಿಂದ ಸುತ್ತಲೂ ನೋಡಿದ್ದು ಕೈಬತ್ತಿದ ಮನುಷ್ಯನ ವಿಷಯದಲ್ಲಿ ಜನ ಕಲ್ಲಾಗಿದ್ದರಿಂದ. ತನ್ನನ್ನೇ ಬೈದಾಗ ತಿರುಗಿ ಬೈಯಲಿಲ್ಲ ಎಂದು 1 ಪೇತ್ರ 2:23 ಹೇಳುತ್ತದೆ. ಈ ಎರಡನ್ನು ಪಕ್ಕಪಕ್ಕ ಇಟ್ಟು ಓದಿದರೆ ನನ್ನ ಸಿಟ್ಟು ಯಾವ ಕಡೆಯದು ಎಂದು ಬೇಗ ತಿಳಿಯುತ್ತದೆ. ಹೆಚ್ಚಿನ ಸಲ ಅದು ನನ್ನ ಹೆಸರು, ನನ್ನ ಮಾತು, ನನ್ನ ಹಿರಿತನಕ್ಕೆ ಬಿದ್ದ ಪೆಟ್ಟು. ಅಂಥದ್ದನ್ನು ಜ್ಞಾನೋಕ್ತಿ 19:11 ಹೇಳುವಂತೆ ಲಕ್ಷಿಸದೆ ಬಿಡಬಹುದು. ಬಿಟ್ಟೆ ಎಂದು ಬರೆದ ಮೇಲೆ ಅದನ್ನು ಯಾರ ಹತ್ತಿರವೂ ಎತ್ತಬಾರದು. ಎತ್ತಿದರೆ ಬಿಟ್ಟಿಲ್ಲ ಎಂದೇ ಅರ್ಥ.

ಆದರೆ ನೋವಾದದ್ದು ಬಲವಿಲ್ಲದವರಿಗಾದರೆ ವಾಕ್ಯ ಹೇಳಿ ಸಿಟ್ಟನ್ನು ಆರಿಸಲು ಹೋಗಬಾರದು. ಮಗುವಿನ ಮೇಲೆ ಕೈಮಾಡಿದ್ದು, ಮನೆಯಲ್ಲಿ ಹೆಂಗಸನ್ನು ಹೊಡೆಯುವುದು ಗೊತ್ತಾದಾಗ ‘ಕ್ಷಮಿಸಿಬಿಡಮ್ಮ’ ಅನ್ನುವುದು, ಮತ್ತಾಯ 18:15ನ್ನು ತೋರಿಸಿ ಪೆಟ್ಟು ತಿಂದವರನ್ನೇ ಒಬ್ಬರೇ ಹೋಗಿ ಮಾತಾಡಿ ಅಂತ ಕಳಿಸುವುದು ದೊಡ್ಡ ಅನ್ಯಾಯ. ಮಕ್ಕಳಿಗೆ 1098, ಮಹಿಳೆಯರಿಗೆ 181 ಸಹಾಯವಾಣಿ ಇದೆ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಎಂದು ತಿಳಿದವರು ಪೊಲೀಸರಿಗೆ ತಿಳಿಸಲೇಬೇಕೆಂದು 2012ರ ಪೋಕ್ಸೋ ಕಾಯ್ದೆಯ 19ನೇ ಕಲಂ ಹೇಳುತ್ತದೆ. ಸಭೆಯ ಮರ್ಯಾದೆ ಎಂಬ ಮಾತಿಗೆ ಇಲ್ಲಿ ಜಾಗವಿಲ್ಲ.

ಇಂಥ ನ್ಯಾಯವಾದ ಸಿಟ್ಟನ್ನು ಹೇಗೆ ನಡೆಸಬೇಕು ಎಂಬುದಕ್ಕೆ ನಾನು ಮತ್ತೆ ಮತ್ತೆ ತೆರೆಯುವುದು, ಯೆರೂಸಲೇಮಿನ ಗೋಡೆ ಕಟ್ಟಿಸಿದ ಅಧಿಪತಿ ನೆಹೆಮೀಯನ ಪುಸ್ತಕದ 5ನೇ ಅಧ್ಯಾಯ. ಬರಗಾಲದಲ್ಲಿ ಬಡವರು ಹೊಲ, ದ್ರಾಕ್ಷೆತೋಟ, ಮನೆ ಒತ್ತೆಯಿಟ್ಟು ಧಾನ್ಯ ತಂದಿದ್ದಾರೆ, ಅರಸನ ತೆರಿಗೆ ಕಟ್ಟಲು ಸಾಲ ಮಾಡಿದ್ದಾರೆ, ಮಕ್ಕಳನ್ನು ಜೀತಕ್ಕೆ ಬಿಟ್ಟಿದ್ದಾರೆ. ಸಾಲ ಕೊಟ್ಟವರು ಸ್ವಂತ ಜನವೇ. ಇದನ್ನು ಕೇಳಿ ನೆಹೆಮೀಯನಿಗೆ ಬಹಳ ಸಿಟ್ಟು ಬಂತು ಎನ್ನುತ್ತದೆ 6ನೇ ವಚನ. 7ನೇ ವಚನದಲ್ಲಿ ಅವನು ಮೊದಲು ತನ್ನೊಳಗೇ ಆಲೋಚನೆ ಮಾಡುತ್ತಾನೆ, ಆಮೇಲೆ ತಪ್ಪು ಮಾಡಿದ ಶ್ರೀಮಂತರನ್ನೂ ಅಧಿಕಾರಿಗಳನ್ನೂ ಎದುರಿಗೇ ಗದರಿಸುತ್ತಾನೆ, ಸಭೆ ಕರೆಯುತ್ತಾನೆ. ನಾನೂ ನನ್ನವರೂ ಹಣ, ಧಾನ್ಯ ಸಾಲ ಕೊಟ್ಟಿದ್ದೇವೆ ಎಂದು ತನ್ನನ್ನೂ ಸೇರಿಸಿಕೊಳ್ಳುತ್ತಾನೆ. ಕೇಳುವುದು ಖಚಿತವಾದದ್ದು: ಹೊಲ, ತೋಟ, ಮನೆಗಳನ್ನು ಈ ದಿನವೇ ಹಿಂದಕ್ಕೆ ಕೊಡಿ, ನೂರಕ್ಕೆ ಒಂದರಂತೆ ತೆಗೆದುಕೊಂಡ ಬಡ್ಡಿಯನ್ನೂ ಬಿಡಿ. ಯಾಜಕರ ಮುಂದೆ ಪ್ರಮಾಣ ಮಾಡಿಸುತ್ತಾನೆ. ಮುಂದಿನ ವಚನಗಳಲ್ಲಿ ಅವನ ಸಿಟ್ಟು ಹೋಗಿ ಸೇರಿದ್ದು ಎಲ್ಲಿಗೆ ಎಂದು ಕಾಣುತ್ತದೆ. ಹನ್ನೆರಡು ವರ್ಷ ಅಧಿಪತಿಯ ಭತ್ಯೆ ತೆಗೆದುಕೊಳ್ಳಲಿಲ್ಲ, ಅವನ ಪಂಕ್ತಿಯಲ್ಲಿ ನೂರೈವತ್ತು ಜನ ಉಣ್ಣುತ್ತಿದ್ದರು. ಸಭೆಯ ಲೆಕ್ಕಪತ್ರದಲ್ಲಿ, ಬಡ ಮಕ್ಕಳ ಶಾಲಾ ಫೀಸಿನ ಹಂಚಿಕೆಯಲ್ಲಿ ಏನಾದರೂ ಸರಿಯಿಲ್ಲ ಎನ್ನಿಸಿದರೆ ಈ ಸಾಲುಸಾಲೇ ನನಗೆ ದಾರಿ: ಯೋಚನೆ, ಎದುರು ಮಾತು, ನನ್ನ ಪಾಲಿನ ತಪ್ಪು, ತಾರೀಖು ಸಮೇತ ಒಂದು ಬೇಡಿಕೆ, ಬರಹದಲ್ಲಿ ಒಪ್ಪಿಗೆ.

ನೆಹೆಮೀಯನು ಎಲ್ಲರ ಮುಂದೆ ಗದರಿಸಿದ್ದು ಆ ತಪ್ಪು ಊರಿಗೆಲ್ಲ ತಟ್ಟಿದ್ದರಿಂದ. ಇಬ್ಬರ ನಡುವಿನ ಮಾತಿಗೆ ಮತ್ತಾಯ 18ರ ಕ್ರಮವೇ ಸರಿ: ಮೊದಲು ನೀನೂ ಅವನೂ ಇಬ್ಬರೇ. ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ಸಹೋದರನ ಸಂಗಡ ಒಂದಾಗು ಎನ್ನುವ ಮತ್ತಾಯ 5:23-24ನ್ನೂ ಸೇರಿಸಿ ಓದಿದರೆ, ತಪ್ಪು ನನ್ನದಾದರೂ ಅವರದಾದರೂ ಮೊದಲು ಎದ್ದು ಹೋಗಬೇಕಾದವರು ನಾವೇ. ಆರಾಧನೆ ಮುಗಿದ ಕೂಡಲೇ ಬಾಗಿಲ ಬಳಿ ಹಿಡಿದು ನಿಲ್ಲಿಸಬೇಡಿ. ಹತ್ತು ಜೊತೆ ಕಿವಿ ಅಲ್ಲಿರುತ್ತವೆ. ಅವರ ಮನೆಗೇ ಹೋಗಿ. ಕೈಯಲ್ಲಿ ಸತ್ಯವೇದ ಬೇಡ. ವಾಕ್ಯ ನಮ್ಮನ್ನು ತಿದ್ದಿ ಕಳಿಸಿದ್ದಾಗಿದೆ, ಅದನ್ನು ಅವರ ಮೇಲೆ ಎಸೆಯುವುದು ಬೇಡ. ಒಂದು ಘಟನೆ, ಒಂದು ಕೋರಿಕೆ, ಅಷ್ಟೇ. ‘ನೀವು ಯಾವತ್ತೂ ಹೊತ್ತಿಗೆ ಸರಿಯಾಗಿ ಬರಲ್ಲ’ ಅಂದರೆ ಜಗಳ. ‘ಅಕ್ಕಾ, ಭಾನುವಾರ ಎಂಟಕ್ಕೆ ಬರ್ತೀನಿ ಅಂದಿದ್ರಿ, ಒಂಬತ್ತೂವರೆ ಆಯ್ತು. ಅನ್ನ ಬಸಿಯೋಕೆ ಕೈ ಸಾಲ್ಲಿಲ್ಲ. ಮುಂದಿನ ಸಲ ಆಗ್ಲಿಲ್ಲ ಅಂದ್ರೆ ಶನಿವಾರ ಸಂಜೆನೇ ಒಂದು ಫೋನ್ ಮಾಡಿಬಿಡ್ತೀರಾ?’ ಅಂದರೆ ಉತ್ತರ ಬರುತ್ತದೆ. ಇಷ್ಟು ಹೇಳಿ ಬಾಯಿ ಮುಚ್ಚಿಕೊಳ್ಳಬೇಕು. ಕೇಳುವುದರಲ್ಲಿ ತ್ವರೆ, ಮಾತಿನಲ್ಲಿ ನಿಧಾನ ಎಂಬ ಯಾಕೋಬ 1:19 ಕಷ್ಟವಾಗುವುದು ಈ ಜಾಗದಲ್ಲೇ. ಮಗಳಿಗೆ ಜ್ವರವಿತ್ತು ಎಂಬ ಒಂದು ಮಾತು ಅಲ್ಲಿ ಹೊರಬರಬಹುದು.

ಇಲ್ಲಿ ಕೆಡುವುದು ಎರಡು ಕಡೆ. ಒಂದು, ‘ತಪ್ಪಾಯ್ತು, ಆದರೆ...’ ಎಂಬ ಕ್ಷಮೆ. ‘ಆದರೆ’ ಬಂದಮೇಲೆ ಹಿಂದಿನದು ಅಳಿಸಿಹೋಗುತ್ತದೆ. ಇನ್ನೊಂದು ನಮ್ಮ ಪ್ರಾರ್ಥನಾ ಕೂಟಗಳ ರೋಗ: ‘ಕರ್ತನೇ, ಕೆಲವರಿಗೆ ಒಳ್ಳೇ ಮನಸ್ಸು ಕೊಡು’ ಎಂದು ಕಣ್ಣು ಮುಚ್ಚಿಕೊಂಡು ಎದುರಿಗಿದ್ದವರಿಗೆ ಹೇಳುವುದು. ಆ ಪ್ರಾರ್ಥನೆ ದೇವರಿಗಲ್ಲ, ಎದುರಿನ ಸಾಲಿಗೆ. ವಾಟ್ಸಾಪ್ ಗುಂಪಿನಲ್ಲಿ ಹಾಕುವ ವಚನವೂ ಅದೇ ಜಾತಿ.

ಸೂರ್ಯ ಮುಳುಗುವ ಮುಂಚೆ ಕೋಪ ತೀರಲಿ ಎಂಬ ಎಫೆಸ 4:26ನ್ನು ತಪ್ಪಾಗಿ ಹಿಡಿದು ರಾತ್ರಿ ಹನ್ನೊಂದಕ್ಕೆ ಗಂಡ ಹೆಂಡತಿ ಜಗಳ ‘ಮುಗಿಸಲು’ ಕೂರುತ್ತಾರೆ. ಆ ಪತ್ರ ಬರೆದ ಪೌಲನು ಆ ವಚನದ ಮೊದಲ ಮಾತು ತೆಗೆದುಕೊಂಡಿರುವ ಕೀರ್ತನೆ 4:4, ಹಾಸಿಗೆಯ ಮೇಲೆ ಮನದಲ್ಲೇ ಯೋಚಿಸಿ ಮೌನವಾಗಿರಿ ಎನ್ನುತ್ತದೆ. ಸಂಜೆಯೊಳಗೆ ಮುಗಿಯಬೇಕಾದದ್ದು ನನ್ನ ಪಾಲು: ಸೇಡಿನ ಯೋಚನೆ ಬಿಡುವುದು, ಯಾವಾಗ ಮಾತಾಡುವುದೆಂದು ನಿಶ್ಚಯಿಸುವುದು. ‘ಅಣ್ಣಾ, ಇವತ್ತಿನ ವಿಷಯ ನಾಳೆ ಸಂಜೆ ನಿಮ್ಮನೇಲೇ ಕೂತು ಮಾತಾಡೋಣ, ಬೇಸರ ಇಟ್ಕೋಬೇಡಿ’ ಎಂಬ ಎರಡು ಸಾಲು ಸಾಕು. ಜಗಳದ ವಿವರ ಫೋನಿನಲ್ಲಿ ಬರೆಯುವುದಿಲ್ಲ. ಆಮೇಲೆ ಕೀರ್ತನೆ 4ನ್ನು ಬಾಯಿಬಿಟ್ಟು ಓದಿ ಮಲಗುತ್ತೇನೆ. ಎಂಟೇ ವಚನ, ಕೊನೆಯದು ನಿದ್ದೆಯ ಮಾತು.

ಒಂದೇ ಸಿಟ್ಟು ಮತ್ತೆ ಮತ್ತೆ ಬರುತ್ತಿದ್ದರೆ ತಪ್ಪು ಮನಸ್ಸಿಗಿಂತ ಕೆಲಸದ ಹಂಚಿಕೆಯಲ್ಲಿರುತ್ತದೆ. ಅಪೊಸ್ತಲರ ಕೃತ್ಯಗಳು 6ರಲ್ಲಿ ಗ್ರೀಕ್ ಮಾತಾಡುವ ವಿಧವೆಯರಿಗೆ ದಿನದ ಊಟ ತಪ್ಪುತ್ತಿದೆ ಎಂದು ಗೊಣಗಾಟ ಎದ್ದಾಗ ಸಭೆ ನಡೆಸುತ್ತಿದ್ದ ಯೇಸುವಿನ ಶಿಷ್ಯರಾದ ಅಪೊಸ್ತಲರು ಗೊಣಗಿದವರನ್ನು ಬೈಯಲಿಲ್ಲ, ಏಳು ಜನರನ್ನು ಆರಿಸಲು ಹೇಳಿದರು. ಆ ಏಳೂ ಗ್ರೀಕ್ ಹೆಸರುಗಳೇ. ದೂರು ಬಂದ ಕಡೆಯವರ ಕೈಗೇ ಸೌಟು ಹೋಯಿತು ಎಂದು ನಾನು ಓದಿಕೊಳ್ಳುತ್ತೇನೆ. ವಿಮೋಚನಕಾಂಡ 18ರಲ್ಲಿ ಮೋಶೆಯ ಮಾವ ಹೇಳಿದ್ದೂ ಇದೇ, ನೀನೊಬ್ಬನೇ ಹೊತ್ತರೆ ಬಳಲಿಹೋಗುತ್ತೀ ಎಂದು.

ಇನ್ನೂರು ಜನರ ಸುಗ್ಗಿ ಹಬ್ಬದ ಊಟಕ್ಕೆ ತಲೆಗೆ ನೂರಿಪ್ಪತ್ತೈದು ಗ್ರಾಂನಂತೆ 25 ಕೆಜಿ ಅಕ್ಕಿ ಎಂದು ಎಲ್ಲರೂ ಲೆಕ್ಕ ಹಾಕುತ್ತಾರೆ. ಕೈಗಳ ಲೆಕ್ಕ ಹಾಕುವುದಿಲ್ಲ. ಐವತ್ತರ ಒಂದು ಪಂಕ್ತಿಗೆ ಬಡಿಸಲು ಆರು ಜನ ಬೇಕು, ಎರಡು ಪಂಕ್ತಿಯಾದ ಮೇಲೆ ಬೇರೆ ಆರು ಜನ. ಪಟ್ಟಿಯಲ್ಲಿ ಪ್ರತಿ ಕೆಲಸಕ್ಕೂ ಎರಡು ಹೆಸರು, ಯಾರ ಹೆಸರೂ ಎರಡು ಸಲಕ್ಕಿಂತ ಹೆಚ್ಚು ಬರಬಾರದು. ಜಗಳ ಹುಟ್ಟುವುದು ಬಹುಪಾಲು ತೊಳೆಯುವ ಜಾಗದಲ್ಲಿ. ಅಡುಗೆಗೆ ಹೊಗಳಿಕೆ ಸಿಗುತ್ತದೆ, ದೊಡ್ಡ ಹಂಡೆಯ ತಳ ಉಜ್ಜಿದವರನ್ನು ಯಾರೂ ಕೇಳುವುದಿಲ್ಲ. ಹಾಗಾಗಿ ತೊಳೆಯುವ ಪಟ್ಟಿಯಲ್ಲಿ ಮೊದಲ ಹೆಸರುಗಳು ಕಮಿಟಿಯವರದ್ದೇ ಇರಲಿ; ಯೋಹಾನ 13ರಲ್ಲಿ ಶಿಷ್ಯರ ಕಾಲು ತೊಳೆಯಲು ಟವಲು ನಡುವಿಗೆ ಕಟ್ಟಿಕೊಂಡದ್ದು ಪಂಕ್ತಿಯ ಯಜಮಾನನಾದ ಯೇಸುವೇ. ‘ನಾವು ಪ್ರಯೋಜನವಿಲ್ಲದ ಆಳುಗಳು’ ಎಂಬ ಲೂಕ 17:10ನ್ನು ನನಗೆ ನಾನೇ ಹೇಳಿಕೊಳ್ಳಬಹುದು. ದಣಿದ ಇನ್ನೊಬ್ಬರಿಗೆ ಹೇಳಿದರೆ ಅದು ಕ್ರೂರತನ, ಅವರಿಗೆ ಹೇಳಬೇಕಾದದ್ದು ‘ಕೂತ್ಕೊಳ್ಳಿ ಅಮ್ಮಾ, ನಾನು ತೊಳೀತೀನಿ’.

ಇಷ್ಟೆಲ್ಲ ಮಾಡಿದರೂ ಕೆಲವರು ಮಾತು ಬಿಟ್ಟಿರುತ್ತಾರೆ. ಎಲ್ಲರ ಸಂಗಡ ಸಮಾಧಾನದಿಂದಿರಿ ಎನ್ನುವ ರೋಮ 12:18 ಕೂಡ ‘ನಿಮ್ಮಿಂದಾಗುವಷ್ಟು’ ಎಂದೇ ಹೇಳಿದೆ. ಹಿಂದೊಮ್ಮೆ ನಡುದಾರಿಯಲ್ಲಿ ಬಿಟ್ಟುಹೋಗಿದ್ದ ಜೊತೆಗಾರ ಮಾರ್ಕನ ವಿಷಯದಲ್ಲಿ ಪೌಲ, ಅವನ ಜೊತೆ ಸೇವಕ ಬಾರ್ನಬರಿಗೆ ತೀಕ್ಷ್ಣ ವಾಗ್ವಾದವಾಗಿ ಬೇರೆಬೇರೆ ದಾರಿ ಹಿಡಿದರು (ಅಪೊಸ್ತಲರ ಕೃತ್ಯಗಳು 15:39). ಮುಂದೆ ಅದೇ ಪೌಲ, ಮಾರ್ಕನನ್ನು ಕರೆದುಕೊಂಡು ಬಾ, ಅವನು ಸೇವೆಗೆ ಉಪಯುಕ್ತ ಎಂದು 2 ತಿಮೊಥೆಯ 4:11ರಲ್ಲಿ ಬರೆಯುತ್ತಾನೆ. ಅಂಥ ಇಬ್ಬರನ್ನು ಒಂದೇ ಒಲೆಯ ಮುಂದೆ ನಿಲ್ಲಿಸಿ ಪರೀಕ್ಷಿಸಬೇಡಿ. ಒಬ್ಬರಿಗೆ ಅಡುಗೆಮನೆ, ಇನ್ನೊಬ್ಬರಿಗೆ ಕಾಣಿಕೆ ವಸ್ತುಗಳ ಹರಾಜು. ಮುಂದಿನ ಹಬ್ಬದ ಪಟ್ಟಿಯಿಂದ ಇಬ್ಬರ ಹೆಸರನ್ನೂ ತೆಗೆಯದೆ, ಇಬ್ಬರಿಗೂ ಫೋನ್ ಮಾಡಿ ಬರ್ತೀರಾ ಅಂತ ಕೇಳಿ.