ಬಾದಾಮಿಯ ಶಿಡ್ಲಫಡಿಗೆ ಮನೆಮಂದಿಯೊಂದಿಗೆ ಒಂದು ದಿನ: ಹೋಗುವ ಬಗೆ, ನೋಡುವ ಬಗೆ

ಆಂಧ್ರಪ್ರದೇಶದ ಬೇಲಂ ಗುಹೆಯ ಫೋಟೋಗಳನ್ನು ನೋಡಿದ ದಿನದಿಂದ ನಮ್ಮ ಮನೆಯ ಮಕ್ಕಳು ‘ನಮ್ಮ ಕಡೆ ಇಂಥ ಹರಳಿನ ಗವಿ ಇಲ್ಲೇನು?’ ಎಂದು ಕೇಳತೊಡಗಿದ್ದರು. ಬಾಗಲಕೋಟೆಯಲ್ಲಿದ್ದುಕೊಂಡು ಆ ಪ್ರಶ್ನೆಗೆ ಕೊಡಬಹುದಾದ ಒಳ್ಳೆಯ ಉತ್ತರವೆಂದರೆ ಮಕ್ಕಳನ್ನು ಬಾದಾಮಿಯ ಶಿಡ್ಲಫಡಿಗೆ ಕರೆದೊಯ್ಯುವುದು. ಅಲ್ಲಿ ಸೂರಿನಿಂದ ಇಳಿಬಿದ್ದ ಹರಳಿನ ಗೊಂಚಲುಗಳು ಕಾಣುವುದಿಲ್ಲ. ಆದರೆ ಚಾಲುಕ್ಯರು ಈ ಬೆಟ್ಟಕ್ಕೆ ಉಳಿ ಹಚ್ಚುವುದಕ್ಕೆ ಎಷ್ಟೋ ಕಾಲ ಮೊದಲು ಬೇಟೆಯಾಡಿ ಬದುಕುತ್ತಿದ್ದ ಜನರು ತಂಗಿದ್ದ ಕಲ್ಲಾಸರೆ ಕಾಣುತ್ತದೆ, ಅವರು ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಎಳೆದ ಗೆರೆಗಳು ಕಾಣುತ್ತವೆ. ಸರಿಯಾದ ಸಿದ್ಧತೆಯಿಲ್ಲದೆ ಹೋದರೆ ಆ ಗೆರೆಗಳು ಕಣ್ಣೆದುರಿಗಿದ್ದರೂ ಕಾಣದೆ ಹೋಗುತ್ತವೆ ಎಂಬುದನ್ನು ನಮ್ಮ ಮೊದಲ ಪ್ರವಾಸದಲ್ಲಿ ಅನುಭವಿಸಿದ್ದೇನೆ. ಆದ್ದರಿಂದ ಹೋಗುವ ದಾರಿಗಿಂತ ನೋಡುವ ಕ್ರಮಕ್ಕೆ ಇಲ್ಲಿ ಹೆಚ್ಚು ಜಾಗ ಕೊಟ್ಟಿದ್ದೇನೆ.

ಮೊದಲು ಕಾಲದ ಆಯ್ಕೆ. ನವೆಂಬರ್‌ನಿಂದ ಜನವರಿ ಕೊನೆಯವರೆಗಿನ ದಿನಗಳು ಮಕ್ಕಳಿಗೆ ಎಲ್ಲಕ್ಕಿಂತ ಸೂಕ್ತ. ಮಾರ್ಚ್ ತಿಂಗಳಾಗುತ್ತಿದ್ದಂತೆ ಬಾದಾಮಿಯ ಬಂಡೆಗಳು ಬೆಳಗಿನ ಹತ್ತು ಗಂಟೆಗೇ ಕಾಯತೊಡಗುತ್ತವೆ, ಮತ್ತು ಒಮ್ಮೆ ಕಾದ ಮರಳುಗಲ್ಲು ಸಂಜೆಯವರೆಗೂ ಝಳ ಹೊಡೆಯುತ್ತದೆ. ಮಳೆಗಾಲದಲ್ಲಿ ಬೆಟ್ಟ ಹಸಿರಾಗಿ ಚೆಂದ ಕಂಡರೂ ಪಾಚಿ ಹಿಡಿದ ಬಂಡೆಯ ಮೇಲೆ ಕಾಲು ಜಾರುತ್ತದೆ, ಮರವಿಲ್ಲದ ಬಯಲು ಬಂಡೆಯ ಮೇಲೆ ಗುಡುಗು ಸಿಡಿಲಿನ ಹೊತ್ತಿನಲ್ಲಿ ಸಿಕ್ಕಿಕೊಳ್ಳುವುದು ಅಪಾಯಕರ. ಈ ಜಾಗದ ಹೆಸರೇ ಅದನ್ನು ಹೇಳುತ್ತದೆ: ಸಿಡಿಲು ಬಡಿದ ಫಡಿ, ಅಂದರೆ ಸಿಡಿಲು ಬಡಿದ ಬಂಡೆ, ಜನರ ಬಾಯಲ್ಲಿ ಶಿಡ್ಲಫಡಿಯಾಗಿದೆ. ಐಹೊಳೆಯ ರಾವಣಫಡಿಯಲ್ಲಿರುವುದೂ ಇದೇ ‘ಫಡಿ’. ವಾರದ ದಿನವನ್ನೂ ನೋಡಿಕೊಳ್ಳಬೇಕು. ಬಾದಾಮಿಯಲ್ಲಿರುವ ಭಾರತೀಯ ಪುರಾತತ್ತ್ವ ಸರ್ವೇಕ್ಷಣೆಯ ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆಯಿರುವುದರಿಂದ ಆ ದಿನ ಹೋದರೆ ಈ ಪ್ರವಾಸದ ಅರ್ಧ ಸತ್ವವೇ ಹೋದಂತೆ.

ಬಾಗಲಕೋಟೆಯಿಂದ ಬಾದಾಮಿ ಸುಮಾರು 35 ಕಿಲೋಮೀಟರ್ ದೂರವಿದ್ದು, ಸ್ವಂತ ವಾಹನ, ಬಸ್ಸು, ರೈಲು ಎಲ್ಲವೂ ಒದಗುತ್ತವೆ. ರೈಲಿನಲ್ಲಿ ಬರುವವರು ನಿಲ್ದಾಣವು ಊರಿನಿಂದ ಸುಮಾರು 5 ಕಿಲೋಮೀಟರ್ ಆಚೆ ಇದೆಯೆಂಬುದನ್ನು ನೆನಪಿಟ್ಟು ಆಟೋಕ್ಕೆ ಸ್ವಲ್ಪ ಸಮಯ ಬಿಟ್ಟುಕೊಳ್ಳಬೇಕು. ವಿಜಯಪುರ, ಬೆಳಗಾವಿಯಿಂದ ಬರುವವರು ಹಿಂದಿನ ರಾತ್ರಿಯೇ ಬಂದು ತಂಗುವುದು ಲೇಸು.

ಚಳಿಗಾಲದಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ವಸ್ತುಸಂಗ್ರಹಾಲಯದ ಬಾಗಿಲು ತೆರೆಯುವ ಹೊತ್ತಿಗೆ ಅಲ್ಲಿರಿ ಎಂಬುದು ನನ್ನ ಮೊದಲ ಮತ್ತು ಮುಖ್ಯವಾದ ಸಲಹೆ. ಅಗಸ್ತ್ಯ ತೀರ್ಥವೆಂಬ ಕೆರೆಯ ಪಕ್ಕದಲ್ಲಿ, ಉತ್ತರ ಕೋಟೆಯ ಬುಡದಲ್ಲಿರುವ ಈ ಸಂಗ್ರಹಾಲಯದಲ್ಲಿ ಶಿಡ್ಲಫಡಿಯ ಮಾದರಿಯೊಂದನ್ನು ಕಟ್ಟಿ ಇಟ್ಟಿದ್ದಾರೆ. ಸುತ್ತಲಿನ ಪ್ರದೇಶದ ಶಿಲಾಯುಗದ ಉಪಕರಣಗಳನ್ನೂ ಇಟ್ಟಿದ್ದಾರೆ. ಹೆಚ್ಚಿನವರು ಲಜ್ಜಾಗೌರಿಯ ಶಿಲ್ಪವನ್ನು ನೋಡಿ ಹೊರಟುಬಿಡುತ್ತಾರೆ. ನೀವು ಮಾದರಿ ಗುಹೆಯ ಮುಂದೆ ಮಕ್ಕಳನ್ನು ಕಾಲು ಗಂಟೆಯಾದರೂ ನಿಲ್ಲಿಸಿ, ಉಪಕರಣಗಳ ಅಂಚುಗಳನ್ನು ಗಮನವಿಟ್ಟು ನೋಡಲು ಹೇಳಿ. ಮನುಷ್ಯನು ಬೇಕೆಂದು ಒಡೆದ ಕಲ್ಲಿನಲ್ಲಿ ಚಿಪ್ಪಿನಾಕಾರದ ತಗ್ಗುಗಳು ಒಂದರ ಪಕ್ಕ ಒಂದು ಸಾಲಾಗಿ ಇರುತ್ತವೆ. ತಾನಾಗಿ ಒಡೆದ ಕಲ್ಲಿನಲ್ಲಿ ಅಂಥ ಕ್ರಮ ಇರುವುದಿಲ್ಲ. ಈ ಒಂದು ವ್ಯತ್ಯಾಸ ತಿಳಿದ ಮಗು ಮುಂದೆ ದಾರಿಯುದ್ದಕ್ಕೂ ನೆಲವನ್ನು ನೋಡುತ್ತಲೇ ನಡೆಯುತ್ತದೆ. ಮಲಪ್ರಭೆಯ ಕಣಿವೆಯಲ್ಲಿ ಇಂಥ ಉಪಕರಣಗಳು ಬಹಳ ಕಡೆ ದೊರೆತಿವೆ; 1950ರ ದಶಕದಲ್ಲಿ ಪುರಾತತ್ತ್ವಜ್ಞ ಆರ್. ವಿ. ಜೋಶಿಯವರು ಈ ಕಣಿವೆಯ ಶಿಲಾಯುಗವನ್ನು ವಿವರವಾಗಿ ಅಧ್ಯಯನ ಮಾಡಿದ್ದರು. ನಮ್ಮ ಜಿಲ್ಲೆಯದೇ ಆದ, ಘಟಪ್ರಭೆಯ ದಂಡೆಯ ಅನಗವಾಡಿಯೂ ಹಳೆಯ ಶಿಲಾಯುಗದ ನೆಲೆಯೇ. ಮನೆಯ ಹತ್ತಿರದ ಊರಿನ ಹೆಸರು ಬಂದಾಗ ಮಕ್ಕಳ ಮುಖದಲ್ಲಿ ಕಾಣುವ ಬದಲಾವಣೆಯೇ ಬೇರೆ.

ನಾವು ಮೊದಲ ಸಲ ಹೋದಾಗ ಸಂಗ್ರಹಾಲಯವನ್ನು ಬಿಟ್ಟು ನೇರವಾಗಿ ಬೆಟ್ಟ ಹತ್ತಿದೆವು. ಒಂದೂವರೆ ಗಂಟೆ ನಡೆದು ಕಲ್ಲಾಸರೆ ಮುಟ್ಟಿದ ಮೇಲೆ ಎಂಟು ವರ್ಷದ ಮಗ ಗೋಡೆಯನ್ನು ಮೇಲಿಂದ ಕೆಳಗೆ ನೋಡಿ ‘ಎಲ್ಲದ ಚಿತ್ರ?’ ಎಂದು ಕೇಳಿದ. ನನಗೂ ಕಾಣಲಿಲ್ಲ. ಬೇಸಿಗೆಯ ಅಂಚಿನಲ್ಲಿ ಹೋಗುವವರು ಬಿಸಿಲಿಗೆ ಅಂಜಿ ನಸುಕಿನಲ್ಲೇ ಬೆಟ್ಟ ಹತ್ತಬೇಕಾಗುತ್ತದೆ, ಅದು ಅನಿವಾರ್ಯ. ಅಂಥವರು ಹಿಂದಿನ ದಿನ ಸಂಜೆ ಐದರೊಳಗೆ ಸಂಗ್ರಹಾಲಯ ನೋಡುವಂತೆ ಹೊಂದಿಸಿಕೊಳ್ಳಬೇಕು.

ಬಾದಾಮಿಯಿಂದ ಶಿಡ್ಲಫಡಿಗೆ ಸುಮಾರು 4 ಕಿಲೋಮೀಟರ್ ಕಾಲುದಾರಿಯಿದೆ. ಕುರುಚಲು ಗಿಡ, ಜಾಲಿ ಮುಳ್ಳು, ಬಂಡೆಯ ಹಾಸುಗಳ ನಡುವೆ ಅದು ಕವಲೊಡೆಯುತ್ತ ಸಾಗುವುದರಿಂದ, ದಾರಿ ಬಲ್ಲ ಸ್ಥಳೀಯರೊಬ್ಬರನ್ನು ಜೊತೆಗೆ ಕರೆದುಕೊಳ್ಳದೆ ಕುಟುಂಬ ಸಮೇತ ಹೊರಡಲೇಬಾರದು. ಗುಹಾಲಯಗಳ ಬಳಿ ವಿಚಾರಿಸಿದರೆ ಮಾರ್ಗದರ್ಶಿಗಳು ಸಿಗುತ್ತಾರೆ. ಹಣದ ಮಾತನ್ನು ಹೊರಡುವ ಮೊದಲೇ ಮುಗಿಸಿ, ‘ಅಲ್ಲಿ ಒಂದು ಗಂಟೆ ಕೂಡುತ್ತೇವೆ’ ಎಂಬುದನ್ನೂ ಆಗಲೇ ಹೇಳಿಬಿಡಿ, ಇಲ್ಲವಾದರೆ ಹತ್ತು ನಿಮಿಷಕ್ಕೇ ಮರಳುವ ಅವಸರ ಶುರುವಾಗುತ್ತದೆ. ದೊಡ್ಡವರು ಒಂದು ಗಂಟೆಯಲ್ಲಿ ನಡೆಯುವ ದಾರಿಗೆ ಮಕ್ಕಳೊಂದಿಗೆ ಒಂದೂವರೆ ಗಂಟೆ ಹಿಡಿಯಿರಿ. ದಾರಿಯಲ್ಲಿ ನೀರು ಸಿಗುವ ಭರವಸೆ ಇಟ್ಟುಕೊಳ್ಳದೆ ಒಬ್ಬೊಬ್ಬರಿಗೆ ಎರಡು ಲೀಟರ್‌ನಂತೆ ಒಯ್ಯಬೇಕು. ಕಾಲು ಮುಚ್ಚುವ ಬೂಟು, ಉದ್ದ ತೋಳಿನ ಅಂಗಿ, ಟೋಪಿ ಅಥವಾ ತಲೆಗೆ ಟವೆಲು, ಒಂದು ಭೂತಗನ್ನಡಿ, ರೇಖಾಚಿತ್ರ ಬರೆಯಲು ಪುಸ್ತಕ ಮತ್ತು ಪೆನ್ಸಿಲು, ಇಷ್ಟು ಸಾಕು. ತಿನಿಸನ್ನು ಕೈಯಲ್ಲಿ ಹಿಡಿದು ನಡೆಯಬೇಡಿ. ಬಾದಾಮಿಯ ಮಂಗಗಳಿಗೆ ಪ್ಲಾಸ್ಟಿಕ್ ಚೀಲದ ಸಪ್ಪಳ ಸಾಕು, ಬಂದು ಕಸಿದುಕೊಳ್ಳುತ್ತವೆ. ಬಂಡೆಯ ಎತ್ತರದಲ್ಲಿ ಹೆಜ್ಜೇನಿನ ಹುಟ್ಟುಗಳಿರುವುದರಿಂದ ಹೊಗೆ, ಸುಗಂಧದ ಎಣ್ಣೆ, ಕೂಗಾಟ ಯಾವುದೂ ಬೇಡ. ಕಲ್ಲಿನ ಸಂದುಗಳಲ್ಲಿ ಕೈ ಹಾಕದಂತೆ ಮಕ್ಕಳಿಗೆ ಮನೆಯಲ್ಲೇ ಹೇಳಿಟ್ಟಿರಬೇಕು.

ಮೊಣಕಾಲು ನೋವಿರುವ ಅಜ್ಜ ಅಜ್ಜಿಯರನ್ನು ಈ ದಾರಿಗೆ ಒತ್ತಾಯಿಸುವುದು ಸರಿಯಲ್ಲ. ಅವರು ಕೆರೆಯ ದಂಡೆಯಗುಂಟ ನಿಧಾನವಾಗಿ ಭೂತನಾಥ ಗುಡಿಯವರೆಗೆ ಹೋಗಿ ನೆರಳಿನಲ್ಲಿ ಕೂಡಬಹುದು. ಮನೆಯ ಒಬ್ಬರು ಅವರ ಜೊತೆಗಿರುವಂತೆ ಮೊದಲೇ ಗೊತ್ತು ಮಾಡಿಕೊಳ್ಳಿ.

ನಡೆಯುವಾಗ ಮಕ್ಕಳ ಹರಳಿನ ಪ್ರಶ್ನೆಗೆ ಉತ್ತರ ಹೇಳುವುದಕ್ಕೆ ಬೆಟ್ಟವೇ ಪಾಠದ ಪುಸ್ತಕ. ಬೇಲಂ ಗುಹೆ ಸುಣ್ಣದಕಲ್ಲಿನದು. ಮಳೆಯ ನೀರು ಗಾಳಿ ಮತ್ತು ಮಣ್ಣಿನೊಳಗಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಸ್ವಲ್ಪ ಹುಳಿಯಾಗುತ್ತದೆ. ಆ ಹುಳಿನೀರು ಸುಣ್ಣದಕಲ್ಲನ್ನು ಕರಗಿಸುತ್ತ ಕೆಳಗಿಳಿದು, ಗುಹೆಯ ಸೂರಿನಲ್ಲಿ ಹನಿಯಾಗಿ ನಿಂತಾಗ ಅನಿಲವನ್ನು ಬಿಟ್ಟುಕೊಟ್ಟು, ಕರಗಿಸಿ ತಂದ ಸುಣ್ಣವನ್ನು ಹರಳಾಗಿ ಅಲ್ಲೇ ಬಿಡುತ್ತದೆ. ಹನಿಯ ಮೇಲೆ ಹನಿ ಬಿದ್ದು ಇಳಿಗೊಂಚಲು ಬೆಳೆಯುತ್ತದೆ. ಬಾದಾಮಿಯ ಬೆಟ್ಟ ಮರಳುಗಲ್ಲಿನದು. ಇದರ ಒಂದೊಂದು ಕಣವೂ ಬಹುಪಾಲು ಬೆಣಚುಕಲ್ಲಿನದಾದ್ದರಿಂದ ಈ ಹುಳಿನೀರಿಗೆ ಅದು ಜಗ್ಗುವುದಿಲ್ಲ. ಬದಲಾಗಿ ಬಿರುಕುಗಳಲ್ಲಿ ನೀರು ಇಳಿದು, ಬಿಸಿಲು ಚಳಿಗೆ ಕಲ್ಲು ಸಡಿಲಗೊಂಡು, ಮೆದುವಾದ ಪದರು ಮೊದಲು ಸವೆದು ಉದುರುತ್ತದೆ, ಗಟ್ಟಿಯಾದ ಪದರು ಚಪ್ಪರದಂತೆ ಮೇಲೆ ಉಳಿಯುತ್ತದೆ. ಕಲ್ಲಾಸರೆ ಹುಟ್ಟುವ ಬಗೆ ಇದು. ನಮ್ಮ ಜಿಲ್ಲೆಯಲ್ಲಿ ಸುಣ್ಣದಕಲ್ಲೇ ಇಲ್ಲವೆಂದು ಇದರರ್ಥವಲ್ಲ. ಬಾಗಲಕೋಟೆ, ಲೋಕಾಪುರದ ಕಡೆ ಸಿಮೆಂಟಿಗಾಗಿ ಅಗೆಯುವುದು ಅದನ್ನೇ.

ಇಷ್ಟು ಹೇಳಿ, ಉದುರಿ ಬಿದ್ದ ಒಂದು ಚೂರನ್ನು ಭೂತಗನ್ನಡಿಯ ಕೆಳಗೆ ಹಿಡಿಯಿರಿ. ಬರಿಗಣ್ಣಿಗೆ ಮಂಕಾದ ಕೆಂಪು ಕಲ್ಲಾಗಿದ್ದುದು ಒತ್ತೊತ್ತಾಗಿ ಕೂಡಿಸಿದ ಸಕ್ಕರೆಯ ಹರಳುಗಳಂತೆ ಕಾಣುತ್ತದೆ, ಬಿಸಿಲಿಗೆ ತಿರುಗಿಸಿದರೆ ಕಣಕಣವೂ ಮಿಂಚುತ್ತದೆ. ಹರಳಿನ ಗವಿ ಕೇಳಿದ್ದ ನಮ್ಮ ಮಗಳು ಆ ಚೂರನ್ನು ಕಣ್ಣಿಂದ ತೆಗೆಯಲಿಲ್ಲ. ಕಣಗಳ ಮೇಲಿನ ಕೆಂಪು ಕಬ್ಬಿಣದ ತುಕ್ಕಿನ ಬಣ್ಣ. ಬಂಡೆಯ ಪಕ್ಕೆಯಲ್ಲಿ ಓರೆಯಾಗಿ ಒಂದನ್ನೊಂದು ಕತ್ತರಿಸಿದಂತೆ ಕಾಣುವ ಗೆರೆಗಳನ್ನೂ ತೋರಿಸಿ: ಹರಿಯುವ ನೀರು ಮರಳನ್ನು ಗುಡ್ಡೆ ಹಾಕುತ್ತ ಮುಂದೆ ಸಾಗಿದ ಗುರುತುಗಳು ಅವು. ಈಗಲೂ ಮಲಪ್ರಭೆಯ ಮರಳಿನಲ್ಲಿ ಅಂಥವೇ ಏರಿಳಿತಗಳು ಆಗುತ್ತಿರುತ್ತವೆ. ಚೂರನ್ನು ನೋಡಿ ಅಲ್ಲಿಯೇ ಬಿಟ್ಟುಬಿಡಬೇಕು. ದಾರಿಯಲ್ಲಿ ಒಡೆದ ಉಪಕರಣದಂತೆ ತೋರುವ ಕಲ್ಲು ಸಿಕ್ಕರೂ ಫೋಟೋ ತೆಗೆದುಕೊಂಡು ಬಿದ್ದಲ್ಲಿಯೇ ಇಡಬೇಕು. ಎಲ್ಲಿ ಬಿದ್ದಿತ್ತು ಎಂಬುದು ತಪ್ಪಿಹೋದರೆ ಅಧ್ಯಯನ ಮಾಡುವವರಿಗೆ ಆ ಕಲ್ಲು ಬಹುಮಟ್ಟಿಗೆ ಮೂಕವಾಗುತ್ತದೆ.

ಶಿಡ್ಲಫಡಿಗೆ ಬಂದಾಗ ಮೊದಲು ಕಾಣುವುದು ಬಂಡೆಯ ದೊಡ್ಡ ಕಮಾನು, ಮತ್ತು ಮೇಲಿನ ತೆರಪಿನಿಂದ ಒಳಗೆ ಬೀಳುವ ಬೆಳಕು. ಬಂದ ಕೂಡಲೇ ಗೋಡೆಯ ಹತ್ತಿರ ಹೋಗಬೇಡಿ. ಬಿಸಿಲಿನಿಂದ ಬಂದ ಕಣ್ಣು ನೆರಳಿಗೆ ಹೊಂದಿಕೊಳ್ಳಲು ಹತ್ತು ನಿಮಿಷ ಬೇಕು. ಅಷ್ಟು ಹೊತ್ತು ಎಲ್ಲರೂ ಕೂತು ನೀರು ಕುಡಿಯಿರಿ. ಆಮೇಲೆ ಗೋಡೆಯ ಕೆಂಪನ್ನು ಎರಡು ಬಗೆಯಾಗಿ ಬೇರ್ಪಡಿಸುವುದನ್ನು ಮಕ್ಕಳಿಗೆ ಕಲಿಸಿ. ಕಲ್ಲಿನದೇ ಆದ ಕೆಂಪು ಕಲೆ ಬಿರುಕಿನ ಗುಂಟ ಹರಡಿರುತ್ತದೆ, ಇಲ್ಲವೇ ನೀರು ಇಳಿದ ದಾರಿಯಲ್ಲಿ ಮೇಲಿಂದ ಕೆಳಗೆ ಜೋಲುತ್ತದೆ, ಅದರ ಅಂಚು ಮಸುಕಾಗಿರುತ್ತದೆ. ಮನುಷ್ಯನ ಕೈ ಎಳೆದ ಗೆರೆಯು ಬಿರುಕನ್ನು ಲೆಕ್ಕಿಸದೆ ದಾಟುತ್ತದೆ, ಬಹುತೇಕ ಒಂದೇ ದಪ್ಪದಲ್ಲಿರುತ್ತದೆ, ಬಾಗಬೇಕಾದಲ್ಲಿ ಬಾಗುತ್ತದೆ. ಹೀಗೆ ನೋಡುತ್ತ ಹೋದಾಗ ಒಂದು ಬೆನ್ನಿನ ಬಾಗು, ಅದರ ಕೆಳಗೆ ಕಾಲಿನ ಗೆರೆ ಒಂದೊಂದಾಗಿ ತೋರಿಬರುತ್ತವೆ. ಎರಡನೆಯ ಸಲ ಹೋದಾಗ ನಮ್ಮ ಮಗನೇ ಮೊದಲು ಕಂಡು ಬೆರಳು ಮಾಡಿದ್ದು. ಗೆರೆಗಳು ಮಾಸಿರುವುದರಿಂದ ಫೋನಿನಲ್ಲಿ ಫ್ಲಾಷ್ ಇಲ್ಲದೆ ಚಿತ್ರ ತೆಗೆದು, ಬಣ್ಣದ ಗಾಢತೆಯನ್ನು ಹೆಚ್ಚಿಸಿ ನೋಡಿದರೆ ಕಣ್ಣಿಗೆ ತಪ್ಪಿದ್ದು ಕೆಲವೊಮ್ಮೆ ಸಿಗುತ್ತದೆ.

ಮುಟ್ಟಬಾರದು, ಸೀಮೆಸುಣ್ಣದಿಂದ ತಿದ್ದಬಾರದು, ನೀರು ಸಿಂಪಡಿಸಬಾರದು. ಈ ಮೂರನೆಯದನ್ನು ಒತ್ತಿ ಹೇಳಬೇಕಾಗಿದೆ, ಏಕೆಂದರೆ ಒಮ್ಮೆ ನಮ್ಮ ಕಣ್ಣೆದುರಿಗೇ ಇನ್ನೊಂದು ಗುಂಪಿನವರು ಫೋಟೋದಲ್ಲಿ ಬಣ್ಣ ಎದ್ದು ಕಾಣಲೆಂದು ಬಾಟಲಿಯ ನೀರನ್ನು ಗೋಡೆಗೆ ಎರಚಿದರು. ಒಂದು ಕ್ಷಣ ಬಣ್ಣ ಹೊಳೆದದ್ದು ನಿಜ. ಆದರೆ ಹಾಗೆ ಪ್ರತಿ ಸಲ ತೋಯಿಸಿದಾಗಲೂ ಕಲ್ಲಿನೊಳಗಿನ ಲವಣ ನೀರಿನೊಂದಿಗೆ ಹೊರಬಂದು, ಒಣಗಿದ ಮೇಲೆ ಬಿಳಿಯ ಪೊರೆಯಾಗಿ ಚಿತ್ರದ ಮೇಲೆ ಕೂಡುತ್ತದೆ, ಬಣ್ಣದ ಕಣಗಳೂ ಸಡಿಲಗೊಳ್ಳುತ್ತವೆ. ಅಂದು ಅವರಿಗೆ ತಡೆದು ಹೇಳಲು ನಾನು ಹಿಂಜರಿದೆ, ಅದರ ನೋವು ಇನ್ನೂ ಇದೆ. ನೀವು ಹಿಂಜರಿಯಬೇಡಿ, ಮೆತ್ತಗೆ ಹೇಳಿದರೆ ಜನ ಕೇಳುತ್ತಾರೆ. ಸಂರಕ್ಷಿತ ಸ್ಮಾರಕಗಳಿಗೆ ಹಾನಿ ಮಾಡಿದರೆ 1958ರ ಕಾಯ್ದೆಯಡಿ ಎರಡು ವರ್ಷದವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿವರೆಗೆ ದಂಡವಿದೆ ಎಂಬುದು ದೊಡ್ಡ ಮಕ್ಕಳಿಗೆ ತಿಳಿದಿರಲಿ.

ಮಧ್ಯಾಹ್ನ ಎರಡರೊಳಗೆ ಕೆಳಗಿಳಿದು ಊಟಕ್ಕೆ ಬನಶಂಕರಿಗೆ ಹೋಗುವುದು ನಮ್ಮ ಪದ್ಧತಿ. ಗುಡಿಯ ಮುಂದೆ ಬುಟ್ಟಿ ಇಟ್ಟುಕೊಂಡು ಕೂಡುವ ತಾಯಂದಿರು ಜೋಳದ ರೊಟ್ಟಿಯ ಮೇಲೆ ಪುಂಡಿ ಪಲ್ಯ, ಶೇಂಗಾ ಚಟ್ನಿ, ಗಟ್ಟಿ ಮೊಸರು ಹಾಕಿ ಕೊಡುತ್ತಾರೆ. ಎಂಟು ಕಿಲೋಮೀಟರ್ ನಡೆದು ಬಂದ ಮಕ್ಕಳು ತಕರಾರಿಲ್ಲದೆ ಉಣ್ಣುತ್ತಾರೆ. ಊಟವಾದ ಮೇಲೆ ಶಕ್ತಿ ಉಳಿದಿದ್ದರೆ ಬಾದಾಮಿಗೆ ಮರಳಿ ಮೂರನೆಯ ಗುಹಾಲಯವೊಂದನ್ನು ಮಾತ್ರ ನೋಡಿ. ಹದಿನೈದು ವರ್ಷದೊಳಗಿನವರಿಗೆ ಟಿಕೆಟ್ ಇಲ್ಲ. 578ರಲ್ಲಿ, ಚಾಲುಕ್ಯ ದೊರೆ ಒಂದನೆಯ ಕೀರ್ತಿವರ್ಮನ ಆಳ್ವಿಕೆಯಲ್ಲಿ, ಅವನ ತಮ್ಮ ಮಂಗಳೇಶ ಪೂರ್ಣಗೊಳಿಸಿದ ಈ ಗುಹೆಯ ಕಲ್ಲು, ಬೆಳಿಗ್ಗೆ ಭೂತಗನ್ನಡಿಯಲ್ಲಿ ನೋಡಿದ ಮರಳುಗಲ್ಲೇ. ಐಹೊಳೆ, ಪಟ್ಟದಕಲ್ಲುಗಳನ್ನು ಅದೇ ದಿನಕ್ಕೆ ಸೇರಿಸಿ ಓಡಾಡುವುದನ್ನು ನಾನು ಒಪ್ಪುವುದಿಲ್ಲ. ಐಹೊಳೆಯಲ್ಲಿ 634ರ ರವಿಕೀರ್ತಿಯ ಶಾಸನವಿರುವ ಮೇಗುತಿ ಗುಡ್ಡದ ಮೇಲೆ ಬೃಹತ್ ಶಿಲಾಸಮಾಧಿಗಳಿವೆ. ಅವುಗಳಿಗೆ ಬೇರೆಯೇ ಒಂದು ದಿನ ಬೇಕು.

ಮನೆಗೆ ಬಂದ ಮಾರನೆಯ ದಿನ, ಫೋಟೋಗಳನ್ನು ತೋರಿಸುವ ಮೊದಲು, ನೆನಪಿನಿಂದಲೇ ಆ ಗೆರೆಗಳನ್ನು ಮಕ್ಕಳಿಂದ ಬರೆಸಿ. ಹಬ್ಬಕ್ಕೆ ಗೋಡೆಯ ಅಂಚಿಗೆ ಬಳಿಯುವ ಕೆಮ್ಮಣ್ಣು ಸ್ವಲ್ಪ ತಂದು, ನುಣ್ಣಗೆ ಅರೆದು ನೀರಿನಲ್ಲಿ ಕಲಸಿ, ಹಿತ್ತಲಿನ ಒಂದು ಹಾಸುಗಲ್ಲಿನ ಮೇಲೆ ಬೆರಳಿನಿಂದ ಬರೆಯಲಿ. ಅದು ಒಣಗಿದ ಮೇಲೆ ಒಂದು ಲೋಟ ನೀರು ಕೊಟ್ಟು, ತಾವೇ ಬರೆದ ಚಿತ್ರದ ಮೇಲೆ ಸುರಿಯಲು ಹೇಳಿ.