ಥೆರಪಿಗೆ ಹೋಗುವ ಮೊದಲು ನಾನು ಕೇಳಿಕೊಂಡದ್ದು

ಲೋಕಲ್ ರೈಲಿನಲ್ಲಿ ಎದೆ ಬಿಗಿದು, ಕೈ ತಣ್ಣಗಾಗಿ, ಇಲ್ಲೇ ಏನೋ ಆಗಿಬಿಡುತ್ತದೆ ಅನ್ನಿಸುವುದು ಶುರುವಾದಾಗ ನಾನು ಮೊದಲು ಹೋಗಿದ್ದು ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಫ್ಯಾಮಿಲಿ ಡಾಕ್ಟರ ಹತ್ತಿರ. ಅವರು ಇಸಿಜಿ ಮಾಡಿಸಿದರು, ಥೈರಾಯ್ಡ್ ಮತ್ತು ಹಿಮೋಗ್ಲೋಬಿನ್ ನೋಡಿದರು. ಎಲ್ಲ ಸರಿಯಿದೆ ಅಂತಾದ ಮೇಲೆ, "ಇದು ಪ್ಯಾನಿಕ್ ಅಟ್ಯಾಕ್, ಒಬ್ಬ ಥೆರಪಿಸ್ಟ್ ನೋಡಿ" ಅಂದರು. ಬೇರೆಯವರಿಗೂ ನಾನು ಹೇಳುವುದು ಇದೇ ಕ್ರಮ. ಥೈರಾಯ್ಡ್ ಜಾಸ್ತಿಯಾದರೂ ಎದೆ ಹೀಗೇ ಹೊಡೆದುಕೊಳ್ಳುತ್ತದೆ. ಅದಕ್ಕೆ ಮಾತಿನಲ್ಲಿ ಪರಿಹಾರ ಇಲ್ಲ.

ಆಮೇಲೆ ಹುಡುಕಾಟ. ಒಂದೇ ಬಗೆಯ ಬೋರ್ಡಿನ ಕೆಳಗೆ ಮೂರು ಬಗೆಯವರು ಕೂತಿರುತ್ತಾರೆ. ಸೈಕಿಯಾಟ್ರಿಸ್ಟ್ ಅಂದರೆ ಎಂಬಿಬಿಎಸ್ ಮುಗಿಸಿ ಮನೋರೋಗದಲ್ಲಿ ಎಂಡಿ ಅಥವಾ ಅಂಥ ಇನ್ನೊಂದು ಪದವಿ ಮಾಡಿದ ಡಾಕ್ಟರು. ಮಾತ್ರೆ ಬೇಕಿದ್ದರೆ ಈ ಮೂವರಲ್ಲಿ ಅವರೇ ಬರೆಯಬೇಕು. ಕ್ಲಿನಿಕಲ್ ಸೈಕಾಲಜಿಸ್ಟ್‌ಗೆ ರಿಹ್ಯಾಬಿಲಿಟೇಶನ್ ಕೌನ್ಸಿಲ್ ಆಫ್ ಇಂಡಿಯಾದ ನೋಂದಣಿ ಇರುತ್ತದೆ. 1992ರ ಕಾಯ್ದೆಯ ಪ್ರಕಾರ ಅದು ಕಡ್ಡಾಯ, ನಂಬರ್ ಕೇಳಿ ನೋಡಿಕೊಳ್ಳಬಹುದು. ಕೌನ್ಸೆಲರ್ ವಿಷಯ ಬಂದಾಗಲೇ ಗೊಂದಲ. ಎರಡು ವರ್ಷ ಎಂಎ ಮಾಡಿ, ಹಿರಿಯರ ಕೈಕೆಳಗೆ ಪಳಗಿದವರೂ ಕೌನ್ಸೆಲರ್, ನಾಲ್ಕು ವಾರದ ಆನ್‌ಲೈನ್ ಕೋರ್ಸ್ ಮುಗಿಸಿದವರೂ ಕೌನ್ಸೆಲರ್. ಒಳ್ಳೆಯ ಕೌನ್ಸೆಲರ್‌ಗಳು ಬೇಕಾದಷ್ಟು ಜನ ಇದ್ದಾರೆ, ಆದರೆ ಬೋರ್ಡು ನೋಡಿ ಗೊತ್ತಾಗುವುದಿಲ್ಲ. ಕೇಳಬೇಕು.

ನಮಗೆ ಕೇಳಲು ಸಂಕೋಚ. ಫಡ್ಕೆ ರೋಡಿನಲ್ಲಿ ಒಂದು ಕುರ್ತಾ ಕೊಳ್ಳಲು ನಾಲ್ಕು ಅಂಗಡಿ ಹತ್ತಿ ಇಳಿಯುತ್ತೇವೆ, ಯಾರ ಮುಂದೆ ಮನಸ್ಸು ಬಿಚ್ಚುತ್ತೇವೋ ಅವರಿಗೆ ಮಾತ್ರ "ಎಲ್ಲಿ ಓದಿದ್ದೀರಿ" ಅಂತ ಕೇಳುವುದಿಲ್ಲ. ಅನೇಕರು ಮೊದಲು ಹತ್ತು ಹದಿನೈದು ನಿಮಿಷ ಫೋನಿನಲ್ಲಿ ಬಿಟ್ಟಿಯಾಗಿ ಮಾತಾಡುತ್ತಾರೆ. ಆ ಹೊತ್ತನ್ನು ನನ್ನ ಕಷ್ಟ ಹೇಳಲು ಖರ್ಚು ಮಾಡದೆ ಪ್ರಶ್ನೆ ಕೇಳಲು ಇಟ್ಟುಕೊಂಡೆ. ಏನು ಓದಿದ್ದೀರಿ, ಪ್ಯಾನಿಕ್ ಇರುವವರ ಜೊತೆ ಕೆಲಸ ಮಾಡಿದ್ದೀರಾ, ಯಾವ ರೀತಿ ಮಾಡುತ್ತೀರಿ, ಫೀಸ್ ಎಷ್ಟು, ನಾನು ಬರಲಾಗದಿದ್ದರೆ ದುಡ್ಡು ಕೊಡಬೇಕಾ, ನಿಮ್ಮ ಕೆಲಸವನ್ನು ನೋಡುವ ಸೂಪರ್‌ವೈಸರ್ ಇದ್ದಾರಾ. ಕೊನೆಯ ಪ್ರಶ್ನೆಗೆ ಒಬ್ಬರಿಗೆ ಸಿಟ್ಟೇ ಬಂತು. ಅಲ್ಲಿಗೆ ಬಿಟ್ಟೆ. ನಾನು ಆರಿಸಿಕೊಂಡವರು "ಇದ್ದಾರೆ, ತಿಂಗಳಿಗೆ ಎರಡು ಸಲ ಕೂರುತ್ತೇವೆ, ನಿಮ್ಮ ಹೆಸರು ಹೇಳುವುದಿಲ್ಲ" ಅಂತ ಆರಾಮಾಗಿ ಹೇಳಿದರು. ಉತ್ತರಕ್ಕಿಂತ ಆ ಆರಾಮು ನನಗೆ ಹಿಡಿಸಿತು.

ಕನ್ನಡದವರೇ ಬೇಕು ಅಂತ ಮೊದಲು ಆಸೆಯಿತ್ತು. ನಮ್ಮ ಅತ್ತಿಗೆ ಒಬ್ಬರ ಹೆಸರು ಕೊಟ್ಟರು. ಆಕೆಯನ್ನು ಮಾಟುಂಗಾದ ಕನ್ನಡ ಕಾರ್ಯಕ್ರಮಗಳಲ್ಲಿ, ಮದುವೆ ಮುಂಜಿಗಳಲ್ಲಿ ನಾನೂ ನೋಡುತ್ತೇನೆ, ಅತ್ತೆಯೂ ನೋಡುತ್ತಾರೆ. ಬೇಡ ಅಂದೆ. ಅವರು ಬಾಯಿ ಬಿಡುತ್ತಾರೆ ಅಂತಲ್ಲ. ಊಟದ ಪಂಕ್ತಿಯಲ್ಲಿ ಎದುರು ಕೂತರೆ ನನಗೇ ಅನ್ನ ಇಳಿಯುವುದಿಲ್ಲ. ಪರಿಚಯದವರಿಗೆ ಥೆರಪಿ ಕೊಡಬಾರದು ಅನ್ನುವುದು ಆ ವೃತ್ತಿಯ ನಿಯಮವೂ ಹೌದು. ಮುಂಬೈ ಎಷ್ಟು ದೊಡ್ಡದಾದರೂ ಮುಂಬೈ ಕನ್ನಡಿಗರ ಊರು ಚಿಕ್ಕದು.

ಬೆಂಗಳೂರಿನವರ ಜೊತೆ ವಿಡಿಯೋದಲ್ಲಿ ಮಾಡಬಹುದಿತ್ತು. ಆದರೆ ಒನ್ ಬಿಎಚ್‌ಕೆಯಲ್ಲಿ ಎಲ್ಲಿ ಕೂತು ಅಳುವುದು? ಹಾಲ್‌ನಲ್ಲಿ ಅತ್ತೆ ಇರುತ್ತಾರೆ, ಬೆಡ್‌ರೂಮಿನಲ್ಲಿ ಮಗಳ ಓದು. ನನ್ನ ಸಹೋದ್ಯೋಗಿಯೊಬ್ಬರು ಬಿಲ್ಡಿಂಗಿನ ಕೆಳಗೆ ನಿಲ್ಲಿಸಿದ ಕಾರಿನಲ್ಲಿ ಕೂತು ಸೆಷನ್ ಮಾಡುತ್ತಾರೆ. ನಮ್ಮಲ್ಲಿ ಕಾರಿಲ್ಲ. ಹಾಗಾಗಿ ಠಾಣೆ ಸ್ಟೇಷನ್ನಿನಿಂದ ನಡೆದು ಹೋಗುವಷ್ಟು ದೂರದಲ್ಲಿದ್ದ ಮರಾಠಿ ಥೆರಪಿಸ್ಟ್ ಒಬ್ಬರನ್ನು ಹಿಡಿದೆ. ಮಾತು ಮರಾಠಿ, ಇಂಗ್ಲಿಷ್ ಬೆರಕೆ. ಸಿಟ್ಟು ಬಂದಾಗ ಕನ್ನಡದಲ್ಲೇ ಒದರಿ ಆಮೇಲೆ ಅರ್ಥ ಹೇಳುತ್ತಿದ್ದೆ, ಅವರು ಕಾಯುತ್ತಿದ್ದರು.

ಮೊದಲ ದಿನ ಒಂದು ಒಪ್ಪಿಗೆ ಪತ್ರ ಕೊಟ್ಟರು. ಸುಮ್ನೆ ಸಹಿ ಹಾಕಬೇಡಿ, ಓದಿ. ಗುಟ್ಟು ಕಾಯುವುದು 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ನಮ್ಮ ಹಕ್ಕು. ಅದು 2018ರ ಮೇ ತಿಂಗಳಿನಿಂದ ಜಾರಿಯಲ್ಲಿದೆ. ಆದರೆ ಗುಟ್ಟಿಗೂ ಮಿತಿ ಇದೆ. ಪ್ರಾಣಕ್ಕೆ ಅಪಾಯ ಕಂಡರೆ ನಾವು ಬರೆದುಕೊಟ್ಟ ನಂಬರಿಗೆ ಫೋನ್ ಮಾಡುತ್ತಾರೆ. ಕೋರ್ಟು ಕೇಳಿದರೆ ದಾಖಲೆ ಕೊಡಬೇಕಾಗಬಹುದು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯದ ವಿಷಯ ತಿಳಿದರೆ ಪೋಕ್ಸೋ ಕಾಯ್ದೆಯಂತೆ ಪೊಲೀಸರಿಗೆ ತಿಳಿಸಲೇಬೇಕು. ಆ ನಂಬರಿನ ಜಾಗದಲ್ಲಿ ನಾನು ಗಂಡನದ್ದಲ್ಲ, ತಂಗಿಯದ್ದು ಬರೆದೆ. ಅದಕ್ಕೂ ಏನೂ ತಕರಾರು ಇರಲಿಲ್ಲ.

ಮೊದಲ ಒಂದೆರಡು ಸೆಷನ್ ಬರೀ ಪ್ರಶ್ನೆ. ನಿದ್ದೆ, ಊಟ, ಮನೆ, ಹಳೆಯ ಕಾಯಿಲೆ. ಸಮಾಧಾನ ಸಿಗುತ್ತದೆ ಅಂತ ಹೋದವರಿಗೆ ಇಲ್ಲಿ ಬೇಸರ ಬರಬಹುದು. ನಂತರ ಹೋಮ್‌ವರ್ಕ್. ಯೋಚನೆ, ನಡವಳಿಕೆ ಎರಡನ್ನೂ ತಿದ್ದುವ ಸಿಬಿಟಿ (ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ) ಅನ್ನುವ ಪದ್ಧತಿಯಲ್ಲಿ ಮಾಡಿ ನೋಡುವ ಕೆಲಸವೇ ಜಾಸ್ತಿ. ರೈಲಿನಲ್ಲಿ ಉಸಿರು ಕಟ್ಟಿದ ಹಾಗಾದಾಗ ತಲೆಯಲ್ಲಿ ಏನು ಓಡಿತು ಅಂತ ಬರೆಯಬೇಕಿತ್ತು. ಇಳಿದು ಓಡಿಹೋದರೆ ಆ ಹೊತ್ತಿಗೆ ಹಾಯೆನಿಸುತ್ತದೆ, ಆದರೆ ಓಡಿದ್ದಕ್ಕೇ ಉಳಿದೆ ಅಂತ ಮನಸ್ಸು ಪಾಠ ಕಲಿಯುತ್ತದೆ, ಮುಂದಿನ ಸಲ ಭಯ ಹೆಚ್ಚು. ಅದಕ್ಕೆ ಮೆಟ್ಟಿಲು ಮಾಡಿದೆವು. ಫಾಸ್ಟ್ ಲೋಕಲ್ ಬೇಡ, ಅದು ಡೊಂಬಿವಲಿ ಬಿಟ್ಟರೆ ಠಾಣೆಯವರೆಗೆ ಇಳಿಯಲು ಬಿಡುವುದೇ ಕಡಿಮೆ. ಸ್ಲೋ ಲೋಕಲ್, ಮಧ್ಯಾಹ್ನದ ಹೊತ್ತು, ಡೊಂಬಿವಲಿಯಿಂದ ಕೋಪರ್, ಒಂದೇ ಸ್ಟೇಷನ್. ಅದು ಸಲೀಸಾದ ಮೇಲೆ ದಿವಾ. ಆಮೇಲೆ ಮುಂಬ್ರಾ, ಕಳವಾ, ಠಾಣೆ. ಬೆಳಗಿನ ರಶ್ಶು ಕೊನೆಗೆ. ಎದೆ ಹೊಡೆದುಕೊಂಡರೂ ಕೂತೇ ಇರಬೇಕು, ಅದು ತಾನಾಗಿ ಇಳಿಯುವುದನ್ನು ನೋಡಬೇಕು. ದಿವಾದಲ್ಲಿ ನುಗ್ಗುವ ಹೆಂಗಸರನ್ನು ಕಂಡವರಿಗೆ ಇದು ಎಂಥ ಶಿಕ್ಷೆ ಅಂತ ಗೊತ್ತು! ಒಂದು ವಾರ ಆಗದೇ ಹೋದರೂ ಅವರು ಬೈಯಲಿಲ್ಲ, ಮೆಟ್ಟಿಲು ಚಿಕ್ಕದು ಮಾಡಿದರು.

ದುಡ್ಡಿನ ಮಾತು. ನಾನು ವಿಚಾರಿಸಿದವರೆಲ್ಲ ಐವತ್ತು ನಿಮಿಷಕ್ಕೆ ಸಾವಿರದಿಂದ ಮೂರು ಸಾವಿರದ ನಡುವೆ ಹೇಳಿದರು. ನಾನು ಕೊಟ್ಟಿದ್ದು 1,500. ವಾರಕ್ಕೊಂದು ಅಂದರೆ ತಿಂಗಳಿಗೆ ಆರು ಸಾವಿರ, ನಮ್ಮಂಥವರಿಗೆ ಸಣ್ಣ ಮೊತ್ತವಲ್ಲ. ಎಷ್ಟು ತಿಂಗಳು ಕೊಡಬಲ್ಲೆ ಅಂತ ಮೊದಲೇ ಹೇಳಿದೆ. ಅದಕ್ಕೆ ಸರಿಯಾಗಿ ಯೋಜನೆ ಹಾಕಿದರು, ನಡುವೆ ಹದಿನೈದು ದಿನಕ್ಕೊಂದು ಮಾಡಿದರು. ಕೆಲವರು ಆದಾಯ ನೋಡಿ ಫೀಸ್ ಇಳಿಸುತ್ತಾರೆ, ಆದರೆ ತಾವಾಗಿ ಹೇಳುವುದಿಲ್ಲ. ಇನ್ಶೂರೆನ್ಸ್ ನಂಬಿ ಹೋಗಬೇಡಿ. ಮಾನಸಿಕ ಕಾಯಿಲೆಗೂ ದೇಹದ ಕಾಯಿಲೆಯಂತೆಯೇ ವಿಮೆ ಕೊಡಬೇಕು ಅಂತ ಅದೇ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತದೆ, ಸರಿ. ಆದರೆ ಸಾಮಾನ್ಯ ಪಾಲಿಸಿ ಆಸ್ಪತ್ರೆಗೆ ಸೇರಿದರೆ ಮಾತ್ರ ದುಡ್ಡು ಕೊಡುತ್ತದೆ. ಒಪಿಡಿ ಕವರ್, ಅಂದರೆ ಆಸ್ಪತ್ರೆಗೆ ಸೇರದೆ ತೋರಿಸಿಕೊಂಡರೂ ಖರ್ಚು ಕೊಡುವುದು, ಇದೆಯಾ ನೋಡಿ. ಕೆಲವು ಕಂಪನಿಗಳು ನೌಕರರಿಗೆ ಕೆಲವು ಸೆಷನ್ ಬಿಟ್ಟಿ ಕೊಡುತ್ತವೆ. ಅದೂ ಆಗದಿದ್ದರೆ ಕೆಇಎಂ, ಸಾಯನ್ ಆಸ್ಪತ್ರೆಗಳ ಮನೋರೋಗ ವಿಭಾಗ ಇದೆ. ಕ್ಯೂ ಉದ್ದ, ಖರ್ಚು ತೀರಾ ಕಡಿಮೆ.

ಇನ್ನೊಂದು ಪ್ರಶ್ನೆಯನ್ನು ಮೊದಲ ದಿನವೇ ಕೇಳಿ: ರಾತ್ರಿ ಹೊತ್ತು ತೀರಾ ಕಷ್ಟವಾದರೆ ಏನು ಮಾಡಲಿ? ನನ್ನ ಥೆರಪಿಸ್ಟ್ ನೇರವಾಗಿ ಹೇಳಿದರು, ರಾತ್ರಿ ನಾನು ಫೋನ್ ಎತ್ತುವುದಿಲ್ಲ, ಹತ್ತಿರದ ಆಸ್ಪತ್ರೆಗೆ ಹೋಗಿ. ಒಬ್ಬರೇ ನಡೆಸುವ ಕ್ಲಿನಿಕ್ಕಿನಲ್ಲಿ ಬೇರೆ ಉಪಾಯವಿಲ್ಲ. ಸಾಯುವ ಯೋಚನೆ ಬರುತ್ತಿದ್ದರೆ ಮುಂದಿನ ವಾರದ ಅಪಾಯಿಂಟ್‌ಮೆಂಟಿಗೆ ಕಾಯುತ್ತ ಕೂರಬಾರದು. 2022ರಲ್ಲಿ ಶುರುವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಹಗಲು ರಾತ್ರಿ ಇರುತ್ತದೆ. ನಂಬರ್ 14416, ದುಡ್ಡಿಲ್ಲ, ಕನ್ನಡದಲ್ಲೂ ಮಾತಾಡಬಹುದು.