ಜಪಾನಿ ಬರದಿದ್ದರೂ ತಕಾವೊ ಬೆಟ್ಟಕ್ಕೆ ಹೋಗಿ ಬರುವುದು ಹೇಗೆ?

ಕೆಲಸಕ್ಕೋ ಓದಿಗೋ ಟೋಕಿಯೊಗೆ ಬಂದವರು ಮೊದಮೊದಲು ಮನೆ, ಆಫೀಸು, ಸೂಪರ್ ಮಾರ್ಕೆಟ್ಟು ಇಷ್ಟರಲ್ಲೇ ಸುತ್ತುತ್ತಿರುತ್ತಾರೆ. ದೂರ ಹೋಗೋಣವೆಂದರೆ ಶಿಂಕಾನ್ಸೆನ್ ಬುಲೆಟ್ ರೈಲಿನ ಟಿಕೆಟ್ ದುಬಾರಿ, ಭಾಷೆ ಬೇರೆ ಬರುವುದಿಲ್ಲ. ಅಂಥವರಿಗೆ ಹೇಳಿ ಮಾಡಿಸಿದ ಜಾಗ ಟೋಕಿಯೊದ ಪಶ್ಚಿಮ ಅಂಚಿನಲ್ಲಿರುವ ತಕಾವೊ ಬೆಟ್ಟ. ಎತ್ತರ 599 ಮೀಟರ್. ನಂದಿಬೆಟ್ಟದ ಅರ್ಧವೂ ಇಲ್ಲ. ಬುಡದ ಸ್ಟೇಷನ್ನಿನಿಂದ ಹತ್ತಬೇಕಾದ್ದು ಸುಮಾರು 400 ಮೀಟರ್ ಅಷ್ಟೇ.

ಮೊದಲು ದಿನ ಆರಿಸಿಕೊಳ್ಳಿ. ನವೆಂಬರಿನಲ್ಲಿ ಎಲೆ ಕೆಂಪಾಗುವ ಹೊತ್ತಿಗೆ ವಾರಾಂತ್ಯದಲ್ಲಿ ಜಾತ್ರೆಯೇ ಸೇರುತ್ತದೆ. ಜೂನ್ ಮಳೆಯಲ್ಲಿ ದಾರಿ ಜಾರುತ್ತದೆ. ನನ್ನ ಮತ ಚಳಿಗಾಲಕ್ಕೆ. ಆಕಾಶ ತಿಳಿಯಾಗಿದ್ದರೆ ಬೆಳಿಗ್ಗೆ ತುದಿಯಿಂದ ಫ್ಯೂಜಿ ಪರ್ವತ ಕಾಣುತ್ತದೆ.

ಹಿಂದಿನ ರಾತ್ರಿಯೇ ಚೀಲ ಸಿದ್ಧ ಮಾಡಿಡಿ. ರೈಲಿಗೆ ಬಳಸುವ ಸುಯಿಕಾ ಅಥವಾ ಪಾಸ್ಮೊ ಕಾರ್ಡಿಗೆ ದುಡ್ಡು ತುಂಬಿಸಿ. ಸಣ್ಣ ಅಂಗಡಿಗಳಿಗೆ ಸಾವಿರ ಯೆನ್ ನೋಟುಗಳಿರಲಿ. ರೆಸಿಡೆನ್ಸ್ ಕಾರ್ಡ್ ಮರೆಯಬೇಡಿ. ಇಲ್ಲಿ ವಾಸವಿರುವ 16 ದಾಟಿದ ವಿದೇಶಿಯರು ಅದನ್ನು ಸದಾ ಜೊತೆಗಿಟ್ಟುಕೊಳ್ಳಬೇಕೆಂದು ಕಾನೂನೇ ಇದೆ. ಕಸಕ್ಕೊಂದು ಪ್ಲಾಸ್ಟಿಕ್ ಚೀಲವೂ ಬೇಕು. ಬೆಟ್ಟದಲ್ಲಿ ಕಸದ ಡಬ್ಬಿ ಹುಡುಕಬೇಡಿ, ನಿಮ್ಮ ಕಸ ನಿಮ್ಮ ಮನೆಗೇ.

ಊಟದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ತಕಾವೊದಲ್ಲಿ ಹೆಸರುವಾಸಿ ಎಂದರೆ ತೊರೊರೊ ಸೋಬಾ. ತುರಿದ ಯಾಮ್ ಗೆಣಸಿನ (ಸಿಹಿಗೆಣಸಲ್ಲ) ಲೋಳೆ ಹಾಕಿದ ಶ್ಯಾವಿಗೆ. ನೋಡಲು ಸಸ್ಯಾಹಾರವೇ, ಆದರೆ ಅದರ ಸಾರು ಸಾಮಾನ್ಯವಾಗಿ ಒಣಮೀನಿನದು. ಮೀನು ತಿನ್ನದವರು ಕೊನ್ಬಿನಿ ಎಂಬ ದಿನಬಳಕೆಯ ಸಣ್ಣ ಅಂಗಡಿಯಲ್ಲಿ ಉಮೆಬೋಶಿ, ಅಂದರೆ ಉಪ್ಪಿನಲ್ಲಿ ಹಾಕಿದ ಹುಳಿ ಹಣ್ಣು ತುಂಬಿದ ಓನಿಗಿರಿ (ಅನ್ನದ ಉಂಡೆ) ಕೊಳ್ಳಬಹುದು. ಪೊಟ್ಟಣದ ಮೇಲಿನ ಅಕ್ಷರಕ್ಕೆ ಫೋನಿನ ಕ್ಯಾಮೆರಾ ಹಿಡಿದು ಅನುವಾದ ಮಾಡಿಸಿ ನೋಡಿಕೊಳ್ಳಿ. ಅದೂ ಬೇಡವೆಂದರೆ ಡಬ್ಬಿಯಲ್ಲಿ ಚಿತ್ರಾನ್ನ! ತುದಿಯಲ್ಲಿ ಎಲ್ಲರೂ ಚಾಪೆ ಹಾಸಿ ಡಬ್ಬಿ ಬಿಚ್ಚುತ್ತಾರೆ, ಸಂಕೋಚ ಬೇಡ. ರೈಲಿನಲ್ಲಿ ಮಾತ್ರ ಬಿಚ್ಚಬೇಡಿ.

ಇನ್ನು ರೈಲು. ಟೋಕಿಯೊದ ಶಿಂಜುಕು ಸ್ಟೇಷನ್ನಿನ ಪಶ್ಚಿಮ ದಿಕ್ಕಿನಲ್ಲಿ ಕೆಯೊ ಲೈನ್ ರೈಲು ಹಿಡಿಯಿರಿ. ಇಳಿಯುವುದು ಕೊನೆಯ ಸ್ಟೇಷನ್ ತಕಾವೊಸಾನ್‌ಗುಚಿಯಲ್ಲಿ, ಸುಮಾರು ಒಂದು ಗಂಟೆ. ಜನ ದಾರಿ ತಪ್ಪುವುದು ಇಲ್ಲೇ. ಬೋರ್ಡಿನಲ್ಲಿ ಹಾಶಿಮೊಟೊ ಎಂದಿದ್ದರೆ ಆ ರೈಲು ಚೋಫುವಿನಲ್ಲಿ ಬೇರೆ ಕಡೆ ತಿರುಗುತ್ತದೆ. ಹಾಚಿಯೋಜಿ ಎಂದಿದ್ದರೆ ಹತ್ತಬಹುದು, ಆದರೆ ಕಿತಾನೊದಲ್ಲಿ ಇಳಿದು ಬದಲಿಸಬೇಕು. ಬೆನ್ನಿನ ಚೀಲವನ್ನು ಎದೆಗೆ ಹಾಕಿಕೊಳ್ಳಿ, ಫೋನ್ ಸೈಲೆಂಟಿನಲ್ಲಿರಲಿ.

ಹತ್ತಲು ಹಲವು ದಾರಿಗಳಿವೆ. ಹತ್ತುವಾಗ ಆರನೇ ನಂಬರಿನದು, ಇಳಿಯುವಾಗ ಒಂದನೇ ನಂಬರಿನದು: ನನಗೆ ಇದೇ ಸರಿ ಎನಿಸುತ್ತದೆ. ಆರನೆಯದು ತೊರೆಯ ಪಕ್ಕದಲ್ಲೇ ಹೋಗುತ್ತದೆ. ಮೇಲೆ ಹೋದಂತೆ ನೀರಿನಲ್ಲಿಟ್ಟ ಕಲ್ಲುಗಳ ಮೇಲೆ ಕಾಲಿಡಬೇಕು, ಹಾಗಾಗಿ ಒಳ್ಳೆಯ ಶೂ ಬೇಕೇ ಬೇಕು. ತುದಿಗೆ ಒಂದೂವರೆ ಗಂಟೆ. ಎದುರು ಸಿಕ್ಕವರು 'ಕೊನ್ನಿಚಿವಾ' (ನಮಸ್ಕಾರ) ಎನ್ನುತ್ತಾರೆ. ನೀವೂ ಅನ್ನಿ, ಅಷ್ಟು ಜಪಾನಿ ಸಾಕು.

ಒಂದನೇ ದಾರಿ ಪೂರ್ತಿ ಗಟ್ಟಿ ನೆಲ. ಅದರಲ್ಲೇ ಯಾಕುಒಯಿನ್ ದೇವಾಲಯ ಸಿಗುತ್ತದೆ. 744ರಲ್ಲಿ ಸ್ಥಾಪನೆಯಾದದ್ದೆಂದು ಹೇಳುತ್ತಾರೆ. 'ತೆಂಗು' ಎಂಬ ಉದ್ದ ಮೂಗಿನ ಜಪಾನಿ ದೈವದ ವಿಗ್ರಹಗಳನ್ನು ನೋಡದೆ ಬರಬೇಡಿ. ಮಂಡಿ ನೋವಿದ್ದರೆ ಕೇಬಲ್ ಕಾರ್ ಇದೆ. ಅದರ ಹಳಿ ಒಂದು ಜಾಗದಲ್ಲಿ 31 ಡಿಗ್ರಿ ದಾಟಿದ ಏರು, ಜಪಾನಿನ ಕೇಬಲ್ ಕಾರ್ ಹಳಿಗಳಲ್ಲೇ ಅತಿ ಕಡಿದಾದದ್ದು. ಡಿಸೆಂಬರಿನಲ್ಲಿ ನಾಲ್ಕೂವರೆಗೆಲ್ಲ ಸೂರ್ಯ ಮುಳುಗುತ್ತಾನೆ, ಮೂರಕ್ಕೆ ಇಳಿಯಲು ಶುರು ಮಾಡಿ.

ಕೆಳಗೆ ಸ್ಟೇಷನ್ನಿಗೆ ಅಂಟಿಕೊಂಡೇ ಒನ್ಸೆನ್, ಅಂದರೆ ಬಿಸಿನೀರಿನ ಬುಗ್ಗೆಯ ಸ್ನಾನಗೃಹ ಇದೆ. ನಮ್ಮವರು ಜಾಸ್ತಿ ಹಿಂಜರಿಯುವುದು ಇಲ್ಲಿ. ಗಂಡಸರಿಗೆ, ಹೆಂಗಸರಿಗೆ ಬೇರೆ ಬೇರೆ ಕಡೆ, ಆದರೆ ಒಳಗೆ ಮೈಮೇಲೆ ಬಟ್ಟೆ ಇರುವಂತಿಲ್ಲ. ಮೊದಲು ಸಣ್ಣ ಸ್ಟೂಲಿನ ಮೇಲೆ ಕೂತು ಸೋಪು ಹಚ್ಚಿ ಚೆನ್ನಾಗಿ ತೊಳೆದುಕೊಳ್ಳಿ. ನೊರೆಯೆಲ್ಲ ಹೋದ ಮೇಲೇ ತೊಟ್ಟಿಗಿಳಿಯಿರಿ. ಟವೆಲ್ ನೀರಿಗೆ ತಾಗಬಾರದು, ಉದ್ದ ಕೂದಲು ಕಟ್ಟಿರಬೇಕು. ಹಚ್ಚೆ ಇದ್ದವರನ್ನು ಇಂಥ ಎಷ್ಟೋ ಕಡೆ ಬಿಡುವುದಿಲ್ಲ, ಮೊದಲೇ ವಿಚಾರಿಸಿ. ಹೊರಬರುವಾಗ ಮೈ ಒರೆಸಿಕೊಂಡೇ ಬಟ್ಟೆ ಕೋಣೆಗೆ ಹೋಗಿ.

ವಾಪಸು ರೈಲು ಇಲ್ಲಿಂದಲೇ ಹೊರಡುವುದರಿಂದ ಸ್ವಲ್ಪ ಮುಂಚೆ ಹೋಗಿ ಸಾಲಿನಲ್ಲಿ ನಿಂತರೆ ಸೀಟು ಸಿಗುತ್ತದೆ.